ಅಪ್ಪನ ಎಂಡೋಸ್ಕೋಪಿ: ಡಾಕ್ಟರಿಗೆ ಐದು ಸ್ಟಾರ್, ಕೌಂಟರಿಗೆ ಒಂದೂವರೆ

ಆಸ್ಪತ್ರೆ ಹೆಸರು ಬರೆಯುವುದಿಲ್ಲ, ಹೊಗಳೋದರ ಜೊತೆ ಬೈಯೋದೂ ಇದೆ. ಬೆಂಗಳೂರಿನದು ಅಂತ ಇಟ್ಟುಕೊಳ್ಳಿ.

ಅಪ್ಪನಿಗೆ ಎಂಟು ತಿಂಗಳಿಂದ ಹೊಟ್ಟೆ ಸರಿ ಇರಲಿಲ್ಲ. ಅರ್ಧ ಮುದ್ದೆಗೇ ಸಾಕು ಅನ್ನುತ್ತಿದ್ದರು, ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದಿದ್ದರು. ಮನೆ ಹತ್ತಿರದ ಒಂದು ಕಡೆ ಮೊದಲೇ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರೋ ನಳಿಕೆ (ಸ್ಕೋಪ್) ಇಳಿಸಿ ಹೊಟ್ಟೆ ಒಳಗೆ ನೋಡೋದು, ಆಗಿತ್ತು. ನಾನು ಕಾಫಿ ತಗೊಂಡು ಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಗ್ಯಾಸ್ಟ್ರೈಟಿಸ್ (ಹೊಟ್ಟೆಯ ಒಳಪದರದ ಉರಿಯೂತ) ಅಂತ ಬರೆದರು, ಬಯಾಪ್ಸಿ, ಅಂದರೆ ಲ್ಯಾಬಿಗೆ ಕಳಿಸೋಕೆ ಮಾಂಸದ ಚೂರು, ತೆಗೆಯಲಿಲ್ಲ. ನಾಲ್ಕು ತಿಂಗಳು ಅಸಿಡಿಟಿ ಮಾತ್ರೆ ನುಂಗಿದ್ದಷ್ಟೇ ಬಂತು.

ಎರಡನೇ ಸಲ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್, ಆಯ್ದ ಬಣ್ಣದ ಬೆಳಕಲ್ಲಿ ನೋಡೋ ವಿಧಾನ) ಮತ್ತು ಹಿಗ್ಗಿಸಿ ತೋರಿಸೋ ಮ್ಯಾಗ್ನಿಫಿಕೇಶನ್ ಇರೋ ಸ್ಕೋಪ್ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಹೋದೆವು. ಹೊಟ್ಟೆಯೊಳಗಿನ ನೊರೆ ಹೋಗಲಿ ಅಂತ ಮೊದಲು ಸಿಮೆಥಿಕೋನ್ ಕಲಸಿದ ನೀರು ಕುಡಿಸಿದರು, ಗಂಟಲಿಗೆ ಸ್ಪ್ರೇ ಹೊಡೆದರು, ಮಂಪರು ಬರಲು ಇಂಜೆಕ್ಷನ್ ಕೊಟ್ಟರು. ಈ ಸಲ ಅರ್ಧ ಗಂಟೆ ಹಿಡಿಯಿತು. ಆಮೇಲೆ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಸ್ಕ್ರೀನಿನಲ್ಲಿ ಒಂದೊಂದೇ ಫೋಟೋ ತೋರಿಸಿದರು. ಐದು ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಮಾಮೂಲಿ ಬಿಳಿ ಬೆಳಕಿನ ಫೋಟೋದಲ್ಲಿ ನನಗೇನೂ ಗೊತ್ತಾಗಲಿಲ್ಲ, ಒಂದು ಕಡೆ ಸ್ವಲ್ಪ ಪೇಲವವಾಗಿತ್ತು, ಅಷ್ಟೇ. ಸ್ಕೋಪಿನಲ್ಲಿ ಎನ್‌ಬಿಐ ಬಟನ್ ಒತ್ತಿದರೆ ಬರೀ ನೀಲಿ ಮತ್ತು ಹಸಿರು ಬೆಳಕು ಬೀಳುತ್ತೆ, 415 ಮತ್ತು 540 ನ್ಯಾನೋಮೀಟರಿನದು. ರಕ್ತದ ಹಿಮೋಗ್ಲೋಬಿನ್ ಈ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳೋದರಿಂದ ಮೇಲ್ಮೈಯ ಸಣ್ಣ ರಕ್ತನಾಳಗಳು ಕಂದು ಬಣ್ಣಕ್ಕೆ, ಆಳದಲ್ಲಿರೋವು ನೀಲಿ-ಹಸಿರು ಬಣ್ಣಕ್ಕೆ ಎದ್ದು ಕಾಣುತ್ತವೆ. ಅದನ್ನೇ ಹಿಗ್ಗಿಸಿದಾಗ ಚೆನ್ನಾಗಿರೋ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ, ಸುತ್ತ ಜೇನುಗೂಡಿನಂಥ ಬಲೆ. ಆ ಪೇಲವ ಜಾಗದಲ್ಲಿ ಮಾತ್ರ ರಂಧ್ರಗಳೇ ಇಲ್ಲ, ನುಣ್ಣಗೆ ಅಳಿಸಿದ ಹಾಗೆ, ಮೇಲೆ ಎಲೆ ಉದುರಿದ ಮರದ ಕೊಂಬೆಗಳಂತೆ ಹರಡಿದ ನಾಳಗಳು.

ಆದರೂ ಆ ಡಾಕ್ಟರ್ ಅಲ್ಲೇ ಕಾಯಿಲೆ ಹೆಸರು ಹೇಳಲಿಲ್ಲ. "ಇದು ಕಣ್ಣಲ್ಲಿ ನೋಡಿ ತೀರ್ಮಾನ ಮಾಡೋದಲ್ಲಮ್ಮ, ಚೂರು ಎಲ್ಲಿಂದ ತೆಗೀಬೇಕು ಅಂತ ದಾರಿ ತೋರಿಸುತ್ತೆ" ಅಂದರು. ಆ ಜಾಗದಿಂದಲೂ ಬೇರೆ ಕಡೆಯಿಂದಲೂ ಸೇರಿ ಹತ್ತು ಚೂರು ತೆಗೆದಿದ್ದರು. ಲ್ಯಾಬಿನಲ್ಲಿ ವಿಶೇಷ ಸ್ಟೇನ್ (ಬಣ್ಣ) ಎಲ್ಲ ಹಾಕಿ ರಿಪೋರ್ಟ್ ಬರಲು ಒಂಬತ್ತು ದಿನ ಆಯಿತು. ಮಾಲ್ಟ್ ಲಿಂಫೋಮಾ, ಬಿಳಿ ರಕ್ತಕಣಗಳಿಂದ ಹೊಟ್ಟೆಯ ಒಳಪದರದಲ್ಲಿ ಬೆಳೆಯೋ ಒಂದು ಥರದ ಕ್ಯಾನ್ಸರ್. ಜೊತೆಗೆ ಎಚ್. ಪೈಲೋರಿ ಬ್ಯಾಕ್ಟೀರಿಯಾ ಕೂಡ ಇತ್ತು. ಸಿಟಿ ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿರಲಿಲ್ಲ.

ಲಿಂಫೋಮಾ ಅಂದ ತಕ್ಷಣ ನಮ್ಮಮ್ಮ ಅಳೋಕೆ ಶುರು ಮಾಡಿದರು. ಡಾಕ್ಟರ್ ಹೇಳಿದ್ದು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ: ಮೊದಲು ಕೀಮೋ ಅಲ್ಲ, 14 ದಿನ ಆಂಟಿಬಯಾಟಿಕ್! ಆ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಕೆರಳಿಸಿದ್ದರಿಂದಲೇ ಅಲ್ಲಿ ಬಿಳಿ ರಕ್ತಕಣಗಳು ಸೇರಿಕೊಂಡು ಈ ಗೆಡ್ಡೆ ಬೆಳೆಯುತ್ತಂತೆ. ಶುರುವಿನಲ್ಲೇ ಸಿಕ್ಕರೆ, ಬ್ಯಾಕ್ಟೀರಿಯಾ ಹೋದ ಮೇಲೆ ನಾಲ್ಕರಲ್ಲಿ ಸುಮಾರು ಮೂರು ಜನರಿಗೆ ಗೆಡ್ಡೆಯೂ ಕರಗುತ್ತೆ, ತಿಂಗಳುಗಟ್ಟಲೆ ಕಾಯಬೇಕು. 11 ಮತ್ತು 18ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದ್ದರೆ ಗೆಡ್ಡೆ ಸಾಮಾನ್ಯವಾಗಿ ಆಂಟಿಬಯಾಟಿಕ್ಕಿಗೆ ಬಗ್ಗಲ್ಲ, ಅದನ್ನೂ ಟೆಸ್ಟಿಗೆ ಕಳಿಸಿದ್ದಾರೆ.

ಬುಕ್ ಮಾಡುವಾಗ ಬರೀ "ಎನ್‌ಬಿಐ ಇದೆಯಾ" ಅಂತ ಕೇಳಬೇಡಿ. ಇದೆ ಅಂತಲೇ ಹೇಳ್ತಾರೆ, ಹಳೇ ಜಾಗದಲ್ಲೂ ಆ ಬಟನ್ ಇತ್ತೋ ಏನೋ! ಡಾಕ್ಟರ್ ಎಷ್ಟು ಹೊತ್ತು ನೋಡ್ತಾರೆ, ಅನುಮಾನ ಬಂದರೆ ಅವತ್ತೇ ಬಯಾಪ್ಸಿ ತೆಗೀತಾರಾ ಅಂತ ಕೇಳಿ. ಅಸಿಡಿಟಿ ಮಾತ್ರೆ ನುಂಗ್ತಿದ್ದರೆ ಅದನ್ನೂ ತಪ್ಪದೆ ಹೇಳಿ, ಅದರಿಂದ ಎಚ್. ಪೈಲೋರಿ ಇದ್ದರೂ ಟೆಸ್ಟಿನಲ್ಲಿ ಸಿಗದೇ ಹೋಗಬಹುದು.

ಇನ್ನು ಕೌಂಟರ್. ಒಂಬತ್ತಕ್ಕೆ ಬನ್ನಿ ಅಂದರು, ಒಳಗೆ ಕರೆದಿದ್ದು ಹನ್ನೆರಡೂವರೆಗೆ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದ ಅಪ್ಪ ಮೂರು ಸಲ "ವಾಪಸ್ ಹೋಗೋಣ ಮಗಾ" ಅಂದರು. ಫೋನಿನಲ್ಲಿ ಹೇಳಿದ ರೇಟಿನಲ್ಲಿ ಬಯಾಪ್ಸಿ ಖರ್ಚು ಸೇರಿರಲಿಲ್ಲ, ಸ್ಟೇನಿಂಗಿಗೆ ಮತ್ತೊಂದು ಬಿಲ್. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ರಿಪೋರ್ಟ್ ಕೈಗೆ ಬಂದಾಗ. ಕಂದು, ನೀಲಿ-ಹಸಿರು ಅಂತ ಬಣ್ಣ ನೋಡಿ ಹಿಡಿದ ಕಾಯಿಲೆ, ಫೋಟೋ ಪ್ರಿಂಟ್ ಮಾಡಿಕೊಟ್ಟಿದ್ದು ಕಪ್ಪು-ಬಿಳುಪಿನಲ್ಲಿ! ಕಲರ್ ಬೇಕು ಅಂದೆ. 200 ರೂಪಾಯಿ ಕಟ್ಟಿಸಿಕೊಂಡು ಸಿಡಿ ಕೊಟ್ಟರು. ಸಿಡಿ ಹಾಕೋ ಕಂಪ್ಯೂಟರ್ ಇನ್ನೂ ಹುಡುಕ್ತಾ ಇದ್ದೀನಿ.