ಅಂಟು ಕರಗಿತು, ಬಟ್ಟೆ ಕರಗಲಿಲ್ಲ: ಫ್ಲಶ್ ಮಾಡುವ ವೈಪ್‌ಗೆ ಯಾವ ಬೈಂಡರ್?

ಒದ್ದೆ ವೈಪ್‌ಗೆ ನಾವು ಒಪ್ಪಿಸುವ ಕೆಲಸ ನೆನೆಸಿಕೊಂಡರೆ ನಗು ಬರುತ್ತದೆ. ಪ್ಯಾಕೆಟ್ ಒಳಗೆ ತಿಂಗಳುಗಟ್ಟಲೆ ನೆನೆದುಕೊಂಡೇ ಇರಬೇಕು. ಹೊರಗೆ ಎಳೆದರೆ ಹರಿಯಬಾರದು, ಒರೆಸಿದರೆ ಕಿತ್ತುಬರಬಾರದು. ಆದರೆ ಕಮೋಡ್‌ಗೆ ಬಿದ್ದ ಮೇಲೆ ಎಳೆ ಎಳೆಯಾಗಿ ಬಿಟ್ಟುಕೊಳ್ಳಬೇಕು. ಅಲ್ಲೂ ನೀರು, ಇಲ್ಲೂ ನೀರು. ಯಾವ ನೀರಲ್ಲಿ ಹಿಡಿದುಕೊಳ್ಳಬೇಕು, ಯಾವ ನೀರಲ್ಲಿ ಬಿಡಬೇಕು ಅಂತ ಬಟ್ಟೆಗೆ ಗೊತ್ತಾಗುವುದು ಹೇಗೆ? ಅದನ್ನು ತಿಳಿಸುವುದೇ ಬೈಂಡರ್, ಅಂದರೆ ನಾರನ್ನು ಹಿಡಿದಿಡುವ ಅಂಟಿನ ಕೆಲಸ.

ನಾನ್‌ವೋವನ್ ಅಂದರೆ ನೇಯದ ಬಟ್ಟೆ, ವೈಪ್ ಮಾಡುವುದು ಇದರಿಂದಲೇ. ಹಾಸು ಹೊಕ್ಕು ಅಂತ ಏನೂ ಇರುವುದಿಲ್ಲ. ನಾರನ್ನು ಹಾಳೆಯ ಹಾಗೆ ಹರಡಿ, ಅಂಟಿನಿಂದಲೋ ಬಿಸಿಯಿಂದಲೋ ನೀರಿನ ಹೊಡೆತದಿಂದಲೋ ಹಿಡಿದಿಡಬೇಕು. ನಾನು ಕೆಲವು ತಿಂಗಳು ಮಾಡಿದ್ದು ಇಷ್ಟೇ: ಒಂದೇ ತರದ ಹಾಳೆ, ಬೇರೆ ಬೇರೆ ಅಂಟು. ಮರದ ತಿರುಳು ನಾಲ್ಕು ಪಾಲು, 8 ಮಿ.ಮೀ. ಉದ್ದಕ್ಕೆ ಕತ್ತರಿಸಿದ ವಿಸ್ಕೋಸ್ (ಮರದ ತಿರುಳನ್ನೇ ಕರಗಿಸಿ ಎಳೆದ ನಾರು) ಒಂದು ಪಾಲು. ಚದರ ಮೀಟರಿಗೆ 60 ಗ್ರಾಂ ತೂಕದ ಹಾಳೆ. ಅದರ ಮೇಲೆ ಅಂಟಿನ ದ್ರಾವಣ ಸಿಂಪಡಿಸಿ ಓವನ್‌ನಲ್ಲಿ ಒಣಗಿಸಿದೆ. ಒಣಗಿದ ಮೇಲೆ ತೂಕದಲ್ಲಿ ಶೇ. 8ರಷ್ಟು ಅಂಟು ಉಳಿಯುವ ಹಾಗೆ ನೋಡಿಕೊಂಡೆ. ಒದ್ದೆ ಪಟ್ಟಿಗೆ ತೂಕ ಕಟ್ಟಿ ಎಲ್ಲಿ ಹರಿಯುತ್ತದೆ ಅಂತ ನೋಡುವುದು ಒಂದು ಪರೀಕ್ಷೆ, ನೀರಲ್ಲಿ ಎಷ್ಟು ಬೇಗ ಬಿಡಿಸಿಕೊಳ್ಳುತ್ತದೆ ಅಂತ ನೋಡುವುದು ಇನ್ನೊಂದು.

ಮೊದಲು ಕೈಗೆ ಬಂದದ್ದು ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲ್. 1924ರಲ್ಲೇ ಜರ್ಮನಿಯಲ್ಲಿ ಹೆರ್‌ಮನ್ ಮತ್ತು ಹೇನೆಲ್ ಇದನ್ನು ಮಾಡಿದ್ದರು. ಹಳೆಯದು, ಸುಲಭವಾಗಿ ಸಿಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ಬಿಸಿ ನೀರಿಗೆ ಪುಡಿ ಸುರಿದುಬಿಟ್ಟೆ, ಗಂಟು ಗಂಟಾಯಿತು. ಅರ್ಧ ದಿನ ಕಲಕಿದರೂ ಕರಗಲಿಲ್ಲ. ತಣ್ಣೀರಿಗೆ ನಿಧಾನವಾಗಿ ಉದುರಿಸಿ, ಕಲಕುತ್ತಾ ಆಮೇಲೆ ಬಿಸಿ ಏರಿಸಬೇಕು. ಜೋರಾಗಿ ಕಲಕಿದರೆ ನೊರೆ. ನೊರೆ ಇರುವ ದ್ರಾವಣ ಸಿಂಪಡಿಸಿದರೆ ಹಾಳೆಯ ಮೇಲೆ ಮಚ್ಚೆ ಮಚ್ಚೆ.

ಪಿವಿಎಯಲ್ಲಿ ಎರಡು ಜಾತಿ ಇವೆ ಅಂತ ಇಟ್ಟುಕೊಳ್ಳಿ. ಶೇ. 87ರಿಂದ 89ರವರೆಗೆ ಹೈಡ್ರೊಲೈಸ್ ಆದದ್ದು, ಅಂದರೆ ತಯಾರಿಸುವಾಗ ಅಷ್ಟು ಪಾಲು ಅಸಿಟೇಟ್ ಗುಂಪುಗಳು ಕಳಚಿಹೋದದ್ದು, ತಣ್ಣೀರಲ್ಲೇ ಕರಗುತ್ತದೆ. ಶೇ. 98 ದಾಟಿದ್ದು ಬಿಸಿ ನೀರಿಲ್ಲದೆ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಮೊದಲನೆಯದರಲ್ಲಿ ಮಾಡಿದ ಒಣ ಹಾಳೆ ಬಹಳ ಚೆನ್ನಾಗಿತ್ತು. ನೀರಿಗೆ ಹಾಕಿ ಎರಡು ಸಲ ಅಲ್ಲಾಡಿಸಿದರೆ ಮುಗಿಯಿತು, ಪೂರ್ತಿ ಬಿಡಿಬಿಡಿ. ಆದರೆ ಅದನ್ನೇ ಒದ್ದೆ ವೈಪ್ ಮಾಡಲು ಹೋದರೆ ಪ್ಯಾಕೆಟ್‌ನಲ್ಲೇ ಲೋಳೆ. ಎರಡನೆಯದು ಉಲ್ಟಾ: ಪ್ಯಾಕೆಟ್‌ನಲ್ಲಿ ನಿಂತಿತು, ಕಮೋಡ್‌ನಲ್ಲೂ ನಿಂತಿತು. ಓವನ್ ಬಿಸಿ ಜಾಸ್ತಿಯಾದರೆ ಮೊದಲನೆಯದೂ ಹಟ ಹಿಡಿಯುತ್ತದೆ. ಬಿಸಿಗೆ ಪಿವಿಎಯ ಸರಪಳಿಯಂಥ ಉದ್ದ ಅಣುಗಳು ಹರಳುಗಟ್ಟಿ ನೀರಿಗೆ ದಾರಿ ಬಿಡುವುದಿಲ್ಲ.

ಪಿವಿಎಗೆ ಬೋರಾಕ್ಸ್ (ಬಿಳಿಗಾರ) ಹಾಕುವ ಒಂದು ಉಪಾಯ ಇದೆ. ಬೋರೇಟ್ ಬಂದು ಸರಪಳಿಗಳ ನಡುವೆ ಕೊಂಡಿ ಹಾಕುತ್ತದೆ. ತುಂಬಾ ನೀರು ಸೇರಿದರೆ ಕೊಂಡಿ ತಾನಾಗಿ ಬಿಡುತ್ತದೆ. ಕೇಳಲು ಇದಕ್ಕಿಂತ ಚೆಂದದ ಉಪಾಯ ಇಲ್ಲ, ಕೆಲಸವನ್ನೂ ಮಾಡಿತು. ಆದರೆ ಕೊಂಡಿ ನಿಲ್ಲಬೇಕಾದರೆ ದ್ರಾವಣ ಕ್ಷಾರದ ಕಡೆ ಇರಬೇಕು. ಚರ್ಮಕ್ಕೆ ಬೇಕಾದದ್ದು ಪಿಎಚ್ 5ರ ಆಸುಪಾಸು. ಸಾಲದ್ದಕ್ಕೆ ಐರೋಪ್ಯ ಒಕ್ಕೂಟ ಬೋರಾಕ್ಸ್ ಬಳಗದ ಬೋರಿಕ್ ಆಮ್ಲವನ್ನು ಸಂತಾನಶಕ್ತಿಗೆ ಹಾನಿ ಮಾಡುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಮೈ ಒರೆಸುವ ಸರಕಿಗೆ ಇದು ಬೇಡವೇ ಬೇಡ ಅಂತ ಡಬ್ಬಿ ಮುಚ್ಚಿ ಇಟ್ಟೆ.

ಪಿಷ್ಟದ ಬಗ್ಗೆ ಎರಡೇ ಮಾತು. ಅಗ್ಗ, ಮಣ್ಣಲ್ಲಿ ಕೊಳೆಯುತ್ತದೆ. ಆದರೆ ಒಣ ಹಾಳೆ ಗಂಜಿ ಹಾಕಿದ ಬಟ್ಟೆಯ ಹಾಗೆ ಸೆಟೆದು ನಿಲ್ಲುತ್ತದೆ, ಮಡಿಸಿದ ಕಡೆ ಪುಡಿ ಉದುರುತ್ತದೆ. ಒದ್ದೆ ಪ್ಯಾಕೆಟ್‌ಗೆ ಅಂತೂ ಆಗದು, ಬೂಷ್ಟಿಗೆ ಹಬ್ಬ.

ನಾನು ಆಸೆ ಇಟ್ಟುಕೊಂಡಿದ್ದು ಸಿಎಂಸಿ ಮೇಲೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಮೂಲ ಸೆಲ್ಯುಲೋಸೇ, ನಾರಿನ ಜೊತೆ ಒಗ್ಗುತ್ತದೆ. ಸೋಡಿಯಂ ರೂಪದಲ್ಲಿ ನೀರಲ್ಲಿ ಕರಗುತ್ತದೆ, ಕ್ಯಾಲ್ಸಿಯಂ ಸಿಕ್ಕಿದರೆ ಬಿಗಿಯುತ್ತದೆ. ಹಾಗಾಗಿ ವೈಪ್ ನೆನೆಸುವ ಲೋಷನ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸ್ವಲ್ಪ ಪ್ರೊಪಿಲೀನ್ ಗ್ಲೈಕಾಲ್ ಹಾಕಿದರೆ ಪ್ಯಾಕೆಟ್‌ನಲ್ಲಿ ಹಿಡಿದಿರುತ್ತದೆ. ಕಮೋಡ್‌ನ ನೀರಲ್ಲಿ ಕ್ಯಾಲ್ಸಿಯಂ ತೆಳುವಾಗಿ ಅಂಟು ಬಿಟ್ಟುಕೊಳ್ಳುತ್ತದೆ. ಲೆಕ್ಕ ಸರಿಯಾಗಿದೆ, ಅಲ್ವಾ?

ಮೊದಲ ಸಲ ಸರಿಯಾಗಿಯೇ ಬಂತು. 5 ಸೆಂ.ಮೀ. ಅಗಲದ ಒದ್ದೆ ಪಟ್ಟಿ 300 ಗ್ರಾಂವರೆಗೆ ತಡೆಯಿತು. ಜಾಡಿಯಲ್ಲಿ ಹಾಕಿ ಕುಲುಕಿದೆ, ಬಿಟ್ಟುಕೊಂಡಿತು. ಖುಷಿಯೋ ಖುಷಿ. ಆಮೇಲೆ ಹೊಳೆಯಿತು, ಜಾಡಿಯಲ್ಲಿ ಇದ್ದದ್ದು ಕ್ಯಾಲ್ಸಿಯಂ ಇಲ್ಲದ ಡಿಸ್ಟಿಲ್ಡ್ ವಾಟರ್! ಅದು ಯಾರ ಮನೆಯ ಕಮೋಡ್‌ನಲ್ಲಿ ಇರುತ್ತದೆ? ಲೀಟರಿಗೆ 0.33 ಗ್ರಾಂ ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 300 ಮಿ.ಗ್ರಾಂ ಗಡಸುತನ ಬರುವ ನೀರು ಮಾಡಿಕೊಂಡೆ. ಅದರಲ್ಲಿ ಒಂದು ಗಂಟೆ ಕಳೆದರೂ ಅಂಗೈ ಅಗಲದ ತುಂಡುಗಳು ತೇಲುತ್ತಿದ್ದವು. ಪ್ಯಾಕೆಟ್‌ನಲ್ಲಿ ಹಿಡಿದಿಡುವ ಕ್ಯಾಲ್ಸಿಯಂ ಹೊರಗಿನ ನೀರಲ್ಲೂ ಇದ್ದರೆ ಅಂಟು ಬಿಡುವುದಾದರೂ ಯಾಕೆ? ಇನ್ನೂ ಎರಡು ಕಿರಿಕಿರಿ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಒರೆಸಿದ ಮೇಲೆ ಕೈ ಜಿಗುಟು ಜಿಗುಟು. ಲೋಷನ್‌ನಲ್ಲಿ ಸಾಮಾನ್ಯ ಸೋಪು ಇದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ.

ನಾಲ್ಕನೆಯದು ಉಪ್ಪಿನ ಮಾತು ಕೇಳುವ ಅಂಟು. ಅಕ್ರಿಲಿಕ್ ಪಾಲಿಮರ್, ಅಲ್ಲಲ್ಲಿ ಋಣ ಆವೇಶದ ಗುಂಪುಗಳು, ಉಳಿದ ಕಡೆ ನೀರಿಗೆ ಒಗ್ಗದ ಭಾಗಗಳು. ಉಪ್ಪು ಇರುವ ಲೋಷನ್‌ನಲ್ಲಿ ಆವೇಶಕ್ಕೆ ಮುಸುಕು ಬೀಳುತ್ತದೆ. ಆಗ ನೀರಿಗೆ ಒಗ್ಗದ ಭಾಗಗಳು ಒಂದಕ್ಕೊಂದು ಅಂಟಿಕೊಂಡು ಸರಪಳಿ ಮುದುಡುತ್ತದೆ, ಹಾಳೆ ಗಟ್ಟಿ ನಿಲ್ಲುತ್ತದೆ. ಸಿಹಿನೀರಿಗೆ ಬಿದ್ದರೆ ಉಪ್ಪು ತೊಳೆದುಹೋಗಿ ಆವೇಶಗಳು ಒಂದನ್ನೊಂದು ತಳ್ಳುತ್ತವೆ, ಸರಪಳಿ ಬಿಚ್ಚಿಕೊಳ್ಳುತ್ತದೆ. ಶೇ. 4ರ ಉಪ್ಪುನೀರಲ್ಲಿ ನನ್ನ ಪಟ್ಟಿ 500 ಗ್ರಾಂ ದಾಟಿತು.

ಇದರಲ್ಲೂ ಗಡಸು ನೀರಿನ ಕಾಟ ಇದೆ, ಆದರೆ ಎಲ್ಲದರಲ್ಲೂ ಅಲ್ಲ. ಆವೇಶದ ಗುಂಪು ಸಿಎಂಸಿಯಲ್ಲಿ ಇರುವಂಥ ಬರೀ ಕಾರ್ಬಾಕ್ಸಿಲ್ ಆಗಿದ್ದರೆ ಕ್ಯಾಲ್ಸಿಯಂ ಹಿಡಿದುಕೊಂಡುಬಿಡುತ್ತದೆ. ಜೊತೆಗೆ ಗಂಧಕ ಇರುವ ಸಲ್ಫೋನೇಟ್ ಗುಂಪು ಇದ್ದರೆ ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಎರಡೂ ಮಾದರಿ ಅಕ್ಕಪಕ್ಕ ಇಟ್ಟು ಅದೇ ಗಡಸು ನೀರಲ್ಲಿ ನೋಡಿದೆ, ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು. ನಾನು ಕೆಡಿಸಿಕೊಂಡದ್ದು ಬೇರೆ ಕಡೆ. ಒಣಗಿದ ಹಾಳೆ ಒರಟು ಅನ್ನಿಸಿ ಮೆತ್ತಗಾಗಲಿ ಅಂತ ವಿನೈಲ್ ಅಸಿಟೇಟ್ ಎಥಿಲೀನ್ ಲೇಟೆಕ್ಸ್ ಬೆರೆಸಿದೆ. ಸ್ವಲ್ಪ ಹಾಕಿದಾಗ ಒಳ್ಳೆಯದಾಯಿತು. ಇನ್ನೂ ಮೆತ್ತಗಾಗಲಿ ಅಂತ ಅರ್ಧಕ್ಕರ್ಧ ಹಾಕಿದೆ. ಲೇಟೆಕ್ಸ್ ನೀರಲ್ಲಿ ಕರಗುವುದಿಲ್ಲ ಅನ್ನುವುದು ಗೊತ್ತಿದ್ದೂ ಮಾಡಿದ ಕೆಲಸ ಅದು. ರೇಷ್ಮೆಯಂಥ ಹಾಳೆ ಬಂತು, ನೀರಲ್ಲಿ ಮೂರು ದಿನ ಹಾಗೇ ಇತ್ತು. ಇನ್ನು ಉಪ್ಪು: ಗಾಯ ಇರುವ ಚರ್ಮಕ್ಕೆ ಉರಿ, ಯಂತ್ರದ ಉಕ್ಕಿಗೆ ತುಕ್ಕು.

ಇಷ್ಟು ಹೊತ್ತು ಕೈಯಲ್ಲಿ ಕುಲುಕಿದ್ದನ್ನೇ ನಂಬಿದ್ದೆ. ಅದು ನನಗೆ ನಾನೇ ಹೇಳಿಕೊಂಡ ಸುಳ್ಳು. ಬಿಡಿಸಿಕೊಳ್ಳಲಿ ಅಂತ ಆಸೆ ಇರುವವನು ಜೋರಾಗಿಯೇ ಕುಲುಕುತ್ತಾನೆ. ನಾನ್‌ವೋವನ್ ಉದ್ಯಮದ ಸಂಘಗಳಾದ ಇಂಡಾ ಮತ್ತು ಎಡಾನಾ 2018ರಲ್ಲಿ ತಂದ ನಾಲ್ಕನೇ ಮಾರ್ಗಸೂಚಿಯಲ್ಲಿ ಇದಕ್ಕೆ ತೂಗಾಡುವ ಪೆಟ್ಟಿಗೆ ಇದೆ. 2 ಲೀಟರ್ ನೀರು, 60 ನಿಮಿಷ ನಿಧಾನವಾಗಿ ತೂಗಾಟ, ಆಮೇಲೆ 12.5 ಮಿ.ಮೀ. ತೂತಿನ ಜರಡಿ. ಒಣ ತೂಕದ ಶೇ. 60ಕ್ಕಿಂತ ಜಾಸ್ತಿ ಜರಡಿ ದಾಟಬೇಕು. ಅದರ ನಕಲು ಒಂದನ್ನು ಕಟ್ಟಿಕೊಂಡ ಮೇಲೆ ನನ್ನ ಮೊದಲ ಟಿಪ್ಪಣಿಗಳಲ್ಲಿ ಅರ್ಧಕ್ಕೆ ಅಡ್ಡಗೆರೆ ಎಳೆದೆ.

ಪೆಟ್ಟಿಗೆ ಇನ್ನೊಂದನ್ನೂ ತೋರಿಸಿತು. ಒಮ್ಮೆ 8 ಮಿ.ಮೀ. ನಾರು ಖಾಲಿಯಾಗಿ 38 ಮಿ.ಮೀ. ವಿಸ್ಕೋಸ್ ಹಾಕಿದ್ದೆ. ಅಂಟು ಕರಗುವ ಪಿವಿಎಯೇ, ನೀರಿಗೆ ಬಿದ್ದ ಕೂಡಲೇ ಬಿಟ್ಟಿತು. ಆದರೆ ತೂಗಾಟಕ್ಕೆ ಉದ್ದ ನಾರುಗಳು ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾದವು. ಹಾಳೆಗಿಂತ ಹಗ್ಗವೇ ಕೆಟ್ಟದ್ದು, ಪಂಪಿಗೆ ಸುತ್ತಿಕೊಳ್ಳುವುದು ಇಂಥದ್ದೇ. ಬೈಂಡರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವನು ನಾರಿನ ಉದ್ದವನ್ನು ಸುಮ್ನೆ ಬಿಟ್ಟಿದ್ದೆ.

ಹಾಗಾದರೆ ಅಂಟೇ ಬೇಡ ಅಂದರೆ? ಅದೂ ಇದೆ. ತಿರುಳು ಮತ್ತು ಗಿಡ್ಡ ಲಯೋಸೆಲ್ (ಇದೂ ಮರದ ಸೆಲ್ಯುಲೋಸ್‌ನಿಂದಲೇ ಮಾಡಿದ್ದು) ನಾರನ್ನು ನೀರಲ್ಲಿ ಹರಡಿ, ಸೂಜಿಯಷ್ಟು ಸಣ್ಣ ಜೋರು ನೀರಿನ ಧಾರೆಗಳಿಂದ ಹೆಣೆದ ಹಾಳೆ. ಇದನ್ನು ನಾನು ಮಾಡಲಿಲ್ಲ, ಮಾಡಲು ದೊಡ್ಡ ಯಂತ್ರವೇ ಬೇಕು, ಮಾದರಿ ತರಿಸಿಕೊಂಡೆ. ಗಡಸು ನೀರು, ಮೆದು ನೀರು ಎರಡರಲ್ಲೂ ಒಂದೇ ತರ ಬಿಟ್ಟುಕೊಂಡಿತು. ಉಪ್ಪಿನ ಹಂಗಿಲ್ಲ, ಲೋಷನ್ ಹೇಗೆ ಬೇಕಾದರೂ ಮಾಡಬಹುದು. ಇನ್ನೊಂದು ವಿಷಯದಲ್ಲೂ ಇದು ಮುಂದೆ. ನೀರಲ್ಲಿ ಕರಗುವುದು ಬೇರೆ, ಇಲ್ಲವಾಗುವುದು ಬೇರೆ. ಪಿವಿಎ ತಿನ್ನುವ ಬ್ಯಾಕ್ಟೀರಿಯಾ ಇವೆ, ಆದರೆ ಅವು ಎಲ್ಲ ಕಡೆ ಸಾಕಷ್ಟು ಇರುವುದಿಲ್ಲ. ಅಕ್ರಿಲಿಕ್ ಸರಪಳಿ ಇನ್ನೂ ಮೊಂಡು. ಬರೀ ಸೆಲ್ಯುಲೋಸ್‌ಗೆ ಆ ತೊಂದರೆ ಇಲ್ಲ.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ. ಒಣ ಸರಕು, ಅಂದರೆ ಪ್ಯಾಡ್‌ನ ಹೊದಿಕೆ, ಕಮೋಡ್ ಸೀಟ್ ಕವರ್ ತರದ್ದಾದರೆ ತಣ್ಣೀರಲ್ಲಿ ಕರಗುವ ಪಿವಿಎ ಸಾಕು, ಓವನ್ ಬಿಸಿ ಮಾತ್ರ ಹತೋಟಿಯಲ್ಲಿರಲಿ. ಒದ್ದೆ ವೈಪ್‌ಗೆ ಅಂಟು ಬೇಕೇ ಬೇಕು ಅಂದರೆ ಸಲ್ಫೋನೇಟ್ ಇರುವ ಉಪ್ಪಿನ ಅಂಟು. ಸಿಎಂಸಿ ಮೆದು ನೀರಿನ ಊರಿಗೆ ಮಾತ್ರ, ಪ್ಯಾಕೆಟ್ ಯಾವ ಊರಿಗೆ ಹೋಗುತ್ತದೆ ಅಂತ ಯಾರು ಕಂಡಿದ್ದಾರೆ? ಯಂತ್ರ ಇರುವವರಿಗೆ ಅಂಟಿಲ್ಲದ್ದೇ ಸರಿ.

ಅದರಲ್ಲೂ ಒಂದು ಕೊಸರು ಇದೆ. ಆರು ವಾರ ಪೇರಿಸಿಟ್ಟ ಅಂಟಿಲ್ಲದ ಹಾಳೆಗಳನ್ನು ಮೊನ್ನೆ ಬಿಚ್ಚಿದೆ. ಲೋಷನ್ ಎಲ್ಲ ಕೆಳಗೆ ಇಳಿದು, ಮೇಲಿನ ಹಾಳೆ ಬರೀ ತೇವವಾಗಿತ್ತು, ತಳದ್ದು ತೊಟ್ಟಿಕ್ಕುತ್ತಿತ್ತು. ಈಗ ಪ್ಯಾಕೆಟ್‌ಗಳನ್ನು ವಾರಕ್ಕೊಮ್ಮೆ ಮಗುಚಿ ಇಡುತ್ತಿದ್ದೇನೆ.