ಡಾಂಗಲ್ ಬೇಕಾ, ಬ್ಲೂಟೂತ್ ಸಾಕಾ?

ಫೋನಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ಜ್ಯಾಕ್ ಇಲ್ಲ, ಆದರೆ ಹಾಡು ಚೆನ್ನಾಗಿ ಕೇಳಬೇಕು. ಹಾಗಾದರೆ ಚಾರ್ಜಿಂಗ್ ಪೋರ್ಟಿಗೆ ಯುಎಸ್‌ಬಿ-ಸಿ ಡಾಂಗಲ್ ಎಂಬ ಸಣ್ಣ ಅಡಾಪ್ಟರ್ ಹಾಕಿ ವೈರ್ ಹೆಡ್‌ಫೋನ್ ಬಳಸಬೇಕು, ಇಲ್ಲವೇ ಬ್ಲೂಟೂತ್ ಕೊಳ್ಳಬೇಕು.

ದಿನಾ ನಮ್ಮ ಮೆಟ್ರೋದಲ್ಲಿ ಓಡಾಡುವವರಿಗೆ ಬ್ಲೂಟೂತೇ ಸರಿ. ಹೊರಗಿನ ಗದ್ದಲ ತಗ್ಗಿಸುವ ಎಎನ್‌ಸಿ ಇರಲಿ. ಮೆಜೆಸ್ಟಿಕ್‌ನ ಆ ಸದ್ದಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕೇಳಿಸುವುದು ಕಷ್ಟ, ಅಲ್ವಾ? ಆಂಡ್ರಾಯ್ಡ್ ಆದರೆ ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಇರುವುದನ್ನು ನೋಡಿ, ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸುತ್ತದೆ. ಐಫೋನಿನಲ್ಲಿ ಅದು ನಡೆಯುವುದಿಲ್ಲ. ಅದಕ್ಕೆಂದು ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ರಾತ್ರಿ ಮನೆಯಲ್ಲಿ ಕೂತು ಕೇಳುವವರಿಗೆ ನಾನು ಹೇಳುವುದು ಡಾಂಗಲ್ಲೇ. ಸಿ.ಡಿ. ಗುಣಮಟ್ಟಕ್ಕೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ವೈರಿನಲ್ಲಿ ಅದನ್ನು ಕುಗ್ಗಿಸುವ ಅಗತ್ಯವೇ ಇಲ್ಲ. ವೀಣೆಯ ತಂತಿ ಮೀಟಿದ ಮೇಲೆ ಉಳಿಯುವ ನಾದವನ್ನು ಒಳ್ಳೆಯ ವೈರ್ ಹೆಡ್‌ಫೋನಿನಲ್ಲಿ ಕೇಳಬೇಕು! ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಡಾಂಗಲ್ ಕೊಳ್ಳುವಾಗ ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಚಿಪ್) ಇದೆಯಾ ಎಂದು ಕೇಳಿ. ಚಿಪ್ ಇಲ್ಲದ ಅಗ್ಗದ ಅಡಾಪ್ಟರ್ ಎಷ್ಟೋ ಫೋನುಗಳಲ್ಲಿ ಕೆಲಸವೇ ಮಾಡುವುದಿಲ್ಲ. ಹೆಡ್‌ಫೋನಿನ ವಿದ್ಯುತ್ ತಡೆ (ಇಂಪೀಡೆನ್ಸ್) 16ರಿಂದ 32 ಓಮ್ ಇದ್ದರೆ ಆರಾಮ. 300 ಓಮ್‌ನದ್ದಾದರೆ ಸಣ್ಣ ಡಾಂಗಲ್‌ಗೆ ಶಕ್ತಿ ಸಾಲದೆ ಸದ್ದು ಮೆಲ್ಲಗಾಗಬಹುದು. ಹಾಡಿನ ಆ್ಯಪ್‌ನಲ್ಲಿ ಲಾಸ್‌ಲೆಸ್ (ಗುಣಮಟ್ಟ ಕಳೆಯದೆ ಕೇಳಿಸುವ ಆಯ್ಕೆ) ಆನ್ ಮಾಡುವುದನ್ನು ಮಾತ್ರ ಮರೆಯಬೇಡಿ.