ಎಫ್‌ಟಿಸಿಯೋ, ಡಬ್ಲ್ಯೂಆರ್‌ಒನೋ?
ಮಕ್ಕಳು ತಾವೇ ರೋಬೋ ಕಟ್ಟಿ ಸ್ಪರ್ಧಿಸುವ ಪಂದ್ಯಗಳಿವು. ಮುಂದೆ ಪೀಣ್ಯದಂಥ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವ ಆಸೆಯಿರುವ ಹೈಸ್ಕೂಲ್ ಮಕ್ಕಳಿಗೆ ನನ್ನ ಓಟು ಫಸ್ಟ್ ಟೆಕ್ ಚಾಲೆಂಜ್‌ಗೆ (ಎಫ್‌ಟಿಸಿ). ಶುರುವಿನಲ್ಲಿ ರೋಬೋ 18 ಇಂಚು ಉದ್ದ, ಅಗಲ, ಎತ್ತರದೊಳಗೆ ಇರಬೇಕು. ಮೊದಲ 30 ಸೆಕೆಂಡ್ ತಾನೇ ಓಡಬೇಕು, ಆಮೇಲೆ 2 ನಿಮಿಷ ಮಕ್ಕಳು ಓಡಿಸುತ್ತಾರೆ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೊರೆದ ತೂತು ಒಂದು ಮಿಲಿಮೀಟರ್ ಆಚೀಚೆ ಆದರೂ ಬೋಲ್ಟ್ ಕೂರುವುದಿಲ್ಲ. ಅರ ಹಿಡಿದು ಉಜ್ಜಬೇಕು, ವರ್ನಿಯರ್ ಇಟ್ಟು ಮತ್ತೆ ಅಳೆಯಬೇಕು. ಕಾರ್ಖಾನೆಯಲ್ಲೂ ದಿನಾ ಇದೇ ಕೆಲಸ ಅಲ್ವಾ?

ಡಬ್ಲ್ಯೂಆರ್‌ಒ ಅಂದರೆ ವರ್ಲ್ಡ್ ರೋಬೋಟ್ ಒಲಿಂಪಿಯಾಡ್. ಅದರ ರೋಬೋಮಿಷನ್ ವಿಭಾಗದಲ್ಲಿ ಶುರುವಿನಲ್ಲಿ ರೋಬೋ ಉದ್ದ, ಅಗಲ, ಎತ್ತರ ಯಾವುದರಲ್ಲೂ 25 ಸೆಂ.ಮೀ. ಮೀರಬಾರದು, ರಿಮೋಟ್ ಇಲ್ಲ. ಕೋಡಿಂಗ್, ಸೆನ್ಸರ್ ಕೆಲಸ ಜಾಸ್ತಿ. ತಂಡಕ್ಕೆ 2-3 ಮಕ್ಕಳು ಸಾಕು.

ಎರಡೂ ಕೈಗೆಟುಕದಿದ್ದರೆ ಬೇಜಾರು ಬೇಡ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಉಪಕರಣ, ಅಚ್ಚು ಮಾಡುವ ಡಿಪ್ಲೊಮಾ ಸೇರಬಹುದು. ಲೇತ್ ಮೇಲೆ ಕೈ ಅಲ್ಲೇ ಪಳಗುತ್ತದೆ.